ಮೈಕಿಗಿಂತ ಮೊದಲು ಕೋಣೆ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕೆಂದು ಹೊರಟವರು ಮೊದಲು ಮಾಡುವ ಕೆಲಸ ಮೈಕ್ ಹುಡುಕುವುದು. ಹತ್ತು ವಿಡಿಯೊ ನೋಡಿ, ಇಪ್ಪತ್ತು ವಿಮರ್ಶೆ ಓದಿ, ಕೊನೆಗೆ ಅಂದುಕೊಂಡದ್ದಕ್ಕಿಂತ ತುಸು ಹೆಚ್ಚೇ ಬೆಲೆಯ ಒಂದು ಕಂಡೆನ್ಸರ್ ಮೈಕನ್ನು ತರಿಸುತ್ತಾರೆ. ಅಂಧೇರಿಯದೋ ಕೋಥ್ರೂಡಿನದೋ ಫ್ಲ್ಯಾಟಿನ ಎರಡನೇ ಬೆಡ್‌ರೂಮಿನ ನಟ್ಟನಡುವೆ ಅದನ್ನು ನಿಲ್ಲಿಸಿ ಹಾಡುತ್ತಾರೆ. ಹೆಡ್‌ಫೋನ್ ಹಾಕಿ ಕೇಳಿದರೆ ಬಚ್ಚಲುಮನೆಯಲ್ಲಿ ಹಾಡಿದ ಹಾಗಿರುತ್ತದೆ. ಎರಡನೇ ಚರಣದ ಹೊತ್ತಿಗೆ ಪಕ್ಕದ ಮನೆಯ ಕುಕ್ಕರ್ ಮೂರು ಸೀಟಿ ಹೊಡೆದಿರುತ್ತದೆ. ಆಗ ಮನಸ್ಸಿಗೆ ಬರುವ ತೀರ್ಮಾನ ಎರಡೇ: ಮೈಕ್ ಸಾಲದು, ಇಲ್ಲವೇ ಕಂಠ ಸಾಲದು. ಮೊದಲನೆಯದನ್ನು ನಂಬಿದವರು ಇನ್ನೂ ದುಬಾರಿ ಮೈಕ್ ಕೊಳ್ಳುತ್ತಾರೆ. ಎರಡನೆಯದನ್ನು ನಂಬಿದವರು ಹಾಡುವುದನ್ನೇ ಬಿಡುತ್ತಾರೆ. ಎರಡೂ ತೀರ್ಮಾನ ತಪ್ಪು, ಎರಡನೆಯದಂತೂ ನಷ್ಟದ ತಪ್ಪು. ಅಲ್ಲಿ ಕೆಟ್ಟದ್ದು ಮೈಕೂ ಅಲ್ಲ, ಕಂಠವೂ ಅಲ್ಲ. ಗೋಡೆ.

ಕಂಠದಿಂದ ಹೊರಟ ದನಿ ನೇರವಾಗಿ ಮೈಕನ್ನು ತಲುಪುವುದು ಒಂದೇ ಸಲ. ಗೋಡೆ, ಸೂರು, ಟೈಲ್ಸಿನ ನೆಲ, ಕಿಟಕಿಯ ಗಾಜು ಇವಕ್ಕೆಲ್ಲ ತಾಗಿ ಮತ್ತೆ ಮತ್ತೆ ಬರುವುದು ಹತ್ತಾರು ಸಲ. ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್; 10 ಅಡಿ ಅಗಲದ ಕೋಣೆಯನ್ನು ದಾಟಿ ತಿರುಗಿ ಬರಲು ಸೆಕೆಂಡಿನ ಐವತ್ತನೇ ಒಂದು ಪಾಲೂ ಬೇಡ. ಎದುರಿಗೆ ಕೂತು ಹಾಡು ಕೇಳುವವರಿಗೆ ಇದು ತಿಳಿಯುವುದೇ ಇಲ್ಲ. ಮೊದಲು ಬಂದ ದನಿಯನ್ನು ಹಿಡಿದುಕೊಂಡು ಅದರ ಬೆನ್ನಿಗೇ ಬಂದ ಪ್ರತಿಫಲನಗಳನ್ನು ಅದರಲ್ಲೇ ಸೇರಿಸಿಕೊಳ್ಳುವ ಜಾಣತನ ಎರಡು ಕಿವಿ ಮತ್ತು ಅವುಗಳ ನಡುವಿನ ಮಿದುಳಿಗೆ ಇದೆ. ಮೈಕಿಗೆ ಆ ಜಾಣತನ ಇಲ್ಲ. ಕೊಟ್ಟದ್ದನ್ನೆಲ್ಲ ಅದು ಬರೆದುಕೊಳ್ಳುತ್ತದೆ. ದುಬಾರಿ ಮೈಕ್ ಇನ್ನೂ ಪ್ರಾಮಾಣಿಕವಾಗಿ ಬರೆದುಕೊಳ್ಳುತ್ತದೆ. ಕೆಟ್ಟ ಕೋಣೆಗೆ ಒಳ್ಳೆಯ ಮೈಕ್ ತಂದಿಟ್ಟರೆ ಕೋಣೆಯ ಕೆಡುಕು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೆ.

ಕನ್ನಡದಲ್ಲಿ ಹಾಡುವವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಕಾರಣವೊಂದಿದೆ. ಕನ್ನಡದಲ್ಲಿ ಕಾಲದ ಅಳತೆಗೇ ಅರ್ಥವಿದೆ. ಕತೆ ಮತ್ತು ಕತ್ತೆಯ ನಡುವಿನ ವ್ಯತ್ಯಾಸ ಒಂದು ಕ್ಷಣದ ಮೌನದ್ದು: ಒತ್ತಕ್ಷರಕ್ಕೆ ಮೊದಲು ನಾಲಗೆ ಹಲ್ಲಿಗೆ ಒತ್ತಿ, ಉಸಿರು ತಡೆದು, ಮತ್ತೆ ಬಿಡುವ ಆ ಕಿರು ನಿಲುಗಡೆ. ಅದು ಸೆಕೆಂಡಿನ ಒಂದು ಸಣ್ಣ ಚೂರು. ಬರಿಗೋಡೆಯ ಕೋಣೆಯಲ್ಲಿ ಹಿಂದಿನ ಸ್ವರದ ಬಾಲ ಅದಕ್ಕಿಂತ ಹೆಚ್ಚು ಹೊತ್ತು ಉಳಿದು ಆ ಮೌನವನ್ನು ತುಂಬಿಬಿಡುತ್ತದೆ. ಹ್ರಸ್ವ ದೀರ್ಘದ ಹಾಗೆ ಎಳೆಯುತ್ತದೆ, ಒತ್ತು ಕರಗುತ್ತದೆ, ಲ ಮತ್ತು ಳ ಒಂದಕ್ಕೊಂದು ಹತ್ತಿರವಾಗುತ್ತವೆ. ರಾಗ ಪ್ರಧಾನವಾದ ಆಲಾಪದಲ್ಲಿ ಇದರಿಂದ ಅಷ್ಟೇನೂ ಹಾನಿಯಿಲ್ಲ. ಭಾವಗೀತೆ, ವಚನ, ತತ್ವಪದ, ದೇವರನಾಮಗಳಲ್ಲಿ ಮಾತೇ ಜೀವ. ಮಾತು ಕೇಳಿಸದ ಭಾವಗೀತೆ ರೆಕಾರ್ಡ್ ಮಾಡಿ ಏನು ಪ್ರಯೋಜನ?

ಹಾಗೆಂದು ಇದಕ್ಕೆಲ್ಲ ನಿಜವಾದ ಸ್ಟುಡಿಯೊನೇ ಬೇಕು, ಮನೆಯಲ್ಲಿ ಆಗುವುದಲ್ಲ ಎನ್ನುವವರ ಮಾತನ್ನೂ ಪೂರ್ತಿ ಒಪ್ಪಬೇಕಿಲ್ಲ. ಧ್ವನಿಮುದ್ರಣದ ಚರಿತ್ರೆ ಶುರುವಾದದ್ದೇ ಬಾಡಿಗೆ ಕೋಣೆಗಳಲ್ಲಿ. 1902ರ ಏಪ್ರಿಲ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮಿಲಾನಿನ ಹೋಟೆಲೊಂದರ ಕೋಣೆಯಲ್ಲಿ ಎನ್ರಿಕೊ ಕರೂಸೊನ ಹತ್ತು ಹಾಡುಗಳನ್ನು ಮುದ್ರಿಸಿದ. ಅದೇ ವರ್ಷದ ನವೆಂಬರಿನಲ್ಲಿ ಅದೇ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು, ಅಲ್ಲೂ ಹೋಟೆಲ್ ಕೋಣೆಯನ್ನೇ ತಾತ್ಕಾಲಿಕ ಸ್ಟುಡಿಯೊ ಮಾಡಿಕೊಂಡು, ಗೌಹರ್ ಜಾನ್ ಅವರ ಕಂಠವನ್ನು ಹಿಡಿದ. ವಿದ್ಯುತ್ ಮೈಕ್ ಆಗ ಇರಲಿಲ್ಲ. ದೊಡ್ಡ ತುತ್ತೂರಿಯ ಬಾಯಿಗೆ ಮುಖ ಒಡ್ಡಿ ಹಾಡಬೇಕಿತ್ತು. ಆ ಕಾಲದ ರೆಕಾರ್ಡುಗಳ ಗರಗರ ಸದ್ದಿನ ಆಚೆಯಿಂದಲೂ ಮಾತು, ಸ್ವರ, ಠೀವಿ ಮೂರೂ ಇಂದಿಗೂ ಕೇಳಿಸುತ್ತವೆ. ಕಾರಣ ಸರಳ: ಬಾಯಿ ಹತ್ತಿರವಿತ್ತು, ಕೋಣೆ ದೂರವಿತ್ತು.

ಸ್ಟುಡಿಯೊ ಎಂಬುದು ಕೈಗೆಟುಕದ ಸಂಗತಿಯಾಗಿದ್ದ ನೆನಪು ಕನ್ನಡಿಗರಿಗೆ ತೀರಾ ಹಳೆಯದೇನಲ್ಲ. ದಶಕಗಳ ಕಾಲ ಕನ್ನಡ ಸಿನಿಮಾದ ಹಾಡುಗಳು ಹೆಚ್ಚಾಗಿ ರೆಕಾರ್ಡ್ ಆಗುತ್ತಿದ್ದುದು ಮದ್ರಾಸಿನಲ್ಲಿ. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಲು ಹೊರಟದ್ದರ ಹಿಂದೆ ಆ ಅಲೆದಾಟದ ದಣಿವೂ ಇತ್ತು. ಇವತ್ತು ಮಧ್ಯಮ ವರ್ಗದ ಮನೆಯ ಲ್ಯಾಪ್‌ಟಾಪಿನಲ್ಲಿ ಆ ಕಾಲದ ಟೇಪಿಗಿಂತ ಸ್ವಚ್ಛವಾದ ಮುದ್ರಣ ಸಾಧ್ಯ. ಅಂದಿನವರಿಗಿದ್ದು ಇಂದಿನ ಮನೆಯಲ್ಲಿ ಇಲ್ಲದ್ದು ಒಂದೇ, ಸದ್ದು ಸತ್ತ ಕೋಣೆ.

ಆ ಕೋಣೆಯನ್ನು ಮನೆಯಲ್ಲೇ ಮಾಡಿಕೊಳ್ಳುವುದಕ್ಕೆ ಬೇಕಾದ ಸಾಮಾನು ಬಹುಪಾಲು ಕನ್ನಡ ಮನೆಗಳ ಅಟ್ಟದ ಮೇಲೇ ಇದೆ. ಉತ್ತರ ಕರ್ನಾಟಕದಿಂದ ಪುಣೆ, ಸೊಲ್ಲಾಪುರ, ಹೈದರಾಬಾದಿಗೆ ಬಂದು ನೆಲೆಸಿದ ಕುಟುಂಬಗಳಲ್ಲಿ ಅಜ್ಜಿ ಹೊಲಿದ ಕೌದಿ ಒಂದಾದರೂ ಇರುತ್ತದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಗುಬ್ಬಿಹೆಜ್ಜೆಯ ಹೊಲಿಗೆ ಹಾಕಿದ ಆ ಕೌದಿ ಮಧ್ಯಮ ಮತ್ತು ಮೇಲಿನ ಸ್ವರಗಳ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಅಂಗಡಿಯಲ್ಲಿ ಸಿಗುವ ಒಂದಿಂಚಿನ ಕಪ್ಪು ಫೋಮ್ ತುಂಡುಗಳಿಗಿಂತ ಎರಡು ದಪ್ಪ ಕೌದಿಗಳು ಮೇಲು. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವುದಂತೂ ವ್ಯರ್ಥ. ಆ ತೆಳು ರಟ್ಟು ಏನನ್ನೂ ತಡೆಯುವುದಿಲ್ಲ, ಜಿರಲೆಗೆ ಮನೆಯಾಗುತ್ತದೆ.

ಕೌದಿಯನ್ನು ಎಲ್ಲಿ ಕಟ್ಟಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಮೈಕಿನ ಹಿಂದೆ ಕಟ್ಟುತ್ತಾರೆ, ಅಥವಾ ಮೈಕಿನ ಬೆನ್ನಿಗೆ ಅರ್ಧಚಂದ್ರಾಕಾರದ ಒಂದು ಗುರಾಣಿ ಕೊಂಡು ತಂದು ಸಿಕ್ಕಿಸುತ್ತಾರೆ. ಮನೆಯಲ್ಲಿ ಬಳಸುವ ಹೆಚ್ಚಿನ ಮೈಕುಗಳು ಕಾರ್ಡಿಯಾಯ್ಡ್ ಜಾತಿಯವು. ಎದುರಿನದನ್ನು ಕೇಳಿಸಿಕೊಳ್ಳುತ್ತವೆ, ಬೆನ್ನಿನ ಕಡೆಗೆ ಹೆಚ್ಚುಕಡಿಮೆ ಕಿವುಡು. ಅದಕ್ಕೆ ಎದುರಿಗಿರುವುದು ಹಾಡುವವರ ಮುಖ ಮತ್ತು ಅವರ ಹಿಂದಿನ ಗೋಡೆ. ಕೌದಿ ಬೇಕಾದದ್ದು ಹಾಡುವವರ ಬೆನ್ನ ಹಿಂದೆ ಮತ್ತು ಎರಡು ಪಕ್ಕಗಳಲ್ಲಿ. ಗೋಡೆಗೆ ಅಂಟಿಸಿದ ಹಾಗಲ್ಲ, ಅರ್ಧ ಗೇಣಿನಷ್ಟು ಮುಂದೆ ತೂಗುಬಿಟ್ಟರೆ ಇನ್ನೂ ಕೆಳಗಿನ ಸ್ವರಗಳವರೆಗೆ ಅದರ ಕೆಲಸ ನಡೆಯುತ್ತದೆ. ಕಾಲ ಕೆಳಗೆ ಜಮಖಾನ. ಸೀರೆ ತುಂಬಿದ ಕಪಾಟಿನ ಬಾಗಿಲು ತೆಗೆದು ಅದಕ್ಕೆ ಬೆನ್ನು ಮಾಡಿ ಹಾಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಮೈಸೂರು ಸಿಲ್ಕಿಗಿಂತ ದಪ್ಪ ಇಳಕಲ್ ಸೀರೆಗಳ ಕಪಾಟು ಸ್ವಲ್ಪ ಉತ್ತಮ ಎನ್ನಬಹುದು, ಆದರೆ ಅದಕ್ಕಾಗಿ ಸೀರೆ ಕೊಳ್ಳುವ ನೆಪ ಮಾಡುವುದು ಅವರವರ ಮನೆಯ ವಿಚಾರ.

ಒಂದು ಎಚ್ಚರಿಕೆ. ತೆಳುವಾದ ಬೆಡ್‌ಶೀಟುಗಳನ್ನೇ ಸುತ್ತಲೂ ಕಟ್ಟಿದರೆ ಮೇಲಿನ ಹೊಳಪು ಮಾತ್ರ ಸಾಯುತ್ತದೆ, ಕೆಳಗಿನ ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತದೆ. ದನಿ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತದೆ. ಕೋಣೆಯ ಮೂಲೆಯೂ ಬೇಡ, ನಟ್ಟನಡುವೆಯೂ ಬೇಡ. ಎರಡು ಕಡೆಯೂ ಕೆಳಗಿನ ಸ್ವರಗಳು ಏರುಪೇರಾಗುತ್ತವೆ. ನಡೆದಾಡುತ್ತಾ, ಚಪ್ಪಾಳೆ ತಟ್ಟುತ್ತಾ, ಒಂದೇ ಸಾಲನ್ನು ಹೇಳುತ್ತಾ ಹೋದರೆ ಕಿವಿಯೇ ಜಾಗ ತೋರಿಸುತ್ತದೆ.

ಇನ್ನು ಅಂತರ. ಒಂದು ಗೇಣು ಎಂಬ ಹಳೆಯ ಅಳತೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹೆಬ್ಬೆರಳನ್ನು ತುಟಿಗಿಟ್ಟು ಕಿರುಬೆರಳು ಮೈಕಿನ ಜಾಲರಿಗೆ ತಾಗುವಷ್ಟು ದೂರ. ಅಂತರ ಎರಡು ಪಟ್ಟಾದರೆ ನೇರ ದನಿ 6 ಡೆಸಿಬಲ್ ಇಳಿಯುತ್ತದೆ. ಕೋಣೆಯ ಗೌಜು ಮಾತ್ರ ಇದ್ದಷ್ಟೇ ಇರುತ್ತದೆ. ಗೇಣು ಮೊಳವಾದರೆ ಗೆಲ್ಲುವುದು ಕೋಣೆಯೇ. ತೀರಾ ಹತ್ತಿರ ಹೋದರೂ ಕಷ್ಟವಿದೆ: ಕಾರ್ಡಿಯಾಯ್ಡ್ ಮೈಕುಗಳು ಹತ್ತಿರದ ಬಾಯಿಯ ಮಂದ್ರವನ್ನು ಉಬ್ಬಿಸುತ್ತವೆ, ಪ, ಬ, ಭ ಅಕ್ಷರಗಳ ಉಸಿರು ಢಬ್ ಎಂದು ಬಡಿಯುತ್ತದೆ. ಮೈಕನ್ನು ಬಾಯಿಗೆ ನೇರವಾಗಿ ಇಡದೆ ಸ್ವಲ್ಪ ಓರೆಯಾಗಿ, ಮೂಗಿನ ಮಟ್ಟದಲ್ಲಿ ಇಟ್ಟರೆ ಆ ಉಸಿರು ಕೆಳಗಿನಿಂದ ಜಾರಿ ಹೋಗುತ್ತದೆ. ಪಾಪ್ ಫಿಲ್ಟರ್ ಇಲ್ಲದಿದ್ದರೆ ಕಸೂತಿಯ ಚೌಕಟ್ಟಿಗೆ ನೈಲಾನ್ ಕಾಲುಚೀಲ ಬಿಗಿದರೂ ಕೆಲಸ ನಡೆಯುತ್ತದೆ.

ಮನೆ ಸ್ಟುಡಿಯೊದ ಪರವಾಗಿ ವಾದಿಸುವವರೆಲ್ಲ ಎತ್ತುವ ಒಂದು ಉದಾಹರಣೆ ಬಿಲ್ಲಿ ಐಲಿಶ್. ಅವಳ 2019ರ ಆಲ್ಬಂ ಬಹುತೇಕ ತಯಾರಾದದ್ದು ಲಾಸ್ ಏಂಜಲೀಸಿನ ತಂದೆತಾಯಿಯ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ. ಮರುವರ್ಷ ಅದಕ್ಕೆ ವರ್ಷದ ಆಲ್ಬಂ ಎಂಬ ಗ್ರ್ಯಾಮಿಯೂ ಬಂತು. ಮಾತು ನಿಜ. ಆದರೆ ಅಲ್ಲಿನ ಗಾಯನ ಪಿಸುಮಾತಿನದು. ಮೈಕಿಗೆ ಬಹುತೇಕ ತುಟಿ ತಾಗಿಸಿ ಪಿಸುಗುಟ್ಟುವಾಗ ಕೋಣೆ ತಾನಾಗಿ ಹಿಂದೆ ಸರಿಯುತ್ತದೆ. ಪಿ. ಬಿ. ಶ್ರೀನಿವಾಸ್ ಅವರ ಮೃದು ಧಾಟಿಯಲ್ಲಿ ಹಾಡುವವರಿಗೆ ಆ ಕ್ರಮ ಒಗ್ಗೀತು. ಸಿ. ಅಶ್ವತ್ಥ್ ಅವರ ಹಾಗೆ ಎದೆ ತೆರೆದು, ತಾರಸ್ಥಾಯಿಯಲ್ಲಿ ನಿಂತು ಷರೀಫರ ಪದ ಹಾಡುವವರಿಗೆ ಒಗ್ಗುವುದಿಲ್ಲ. ಅಂಥ ಕಂಠ ಕೋಣೆಯ ಪ್ರತಿ ಗೋಡೆಯನ್ನೂ ಎಬ್ಬಿಸುತ್ತದೆ. ಅದಕ್ಕೆ ಹೆಚ್ಚು ಕೌದಿ ಬೇಕು, ಒಂದೂವರೆ ಗೇಣು ಅಂತರ ಬೇಕು, ಗೇನ್ ತಗ್ಗಿರಬೇಕು. ಅಮೆರಿಕದ ಪಾಪ್ ಗಾಯನಕ್ಕೆಂದು ಮಾಡಿದ ಸಲಹೆಯ ವಿಡಿಯೊಗಳನ್ನು ಕನ್ನಡದ ಕಂಠಕ್ಕೆ ಹಾಗ್ಹಾಗೇ ಹೊಂದಿಸಲು ಹೋಗುವುದರಿಂದಲೇ ಅರ್ಧ ತೊಂದರೆ.

ಹಾಗಾದರೆ ಯಾವ ಮೈಕ್? ಈ ಪ್ರಶ್ನೆಗೆ ಮೇಲಿನಷ್ಟು ಜಾಗ ಕೊಡಬೇಕಿಲ್ಲ. 1966ರಿಂದ ವೇದಿಕೆಗಳ ಮೇಲೆ ಸವೆಯುತ್ತಿರುವ ಶೂರ್ ಎಸ್‌ಎಂ58ನಂಥ ಒಂದು ಡೈನಾಮಿಕ್ ಮೈಕ್, ಒಂದು ಸಾಧಾರಣ ಆಡಿಯೊ ಇಂಟರ್‌ಫೇಸ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಇಷ್ಟಾದರೆ ಸಾಕು. ಮೈಕಲ್ ಜಾಕ್ಸನ್‌ನ ಥ್ರಿಲ್ಲರ್‌ನಲ್ಲಿ ಬಳಸಿದ್ದೂ ಡೈನಾಮಿಕ್ ಮೈಕೇ. ಡೈನಾಮಿಕ್ ಮೈಕ್ ಹೊರಗಿನ ಸದ್ದನ್ನು ತಡೆಯುತ್ತದೆ ಎಂಬುದು ಪೂರ್ತಿ ಸರಿಯಲ್ಲ. ಅದರ ಸೂಕ್ಷ್ಮತೆ ಕಡಿಮೆ, ಹಾಗಾಗಿ ಹಾಡುವವರು ಹತ್ತಿರ ಬರಲೇಬೇಕಾಗುತ್ತದೆ, ಆ ಹತ್ತಿರವೇ ಸದ್ದನ್ನು ತಗ್ಗಿಸುತ್ತದೆ. ರೆಕಾರ್ಡಿಂಗ್ 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿರಲಿ. ಅತಿ ಎತ್ತರದ ಸ್ವರದಲ್ಲೂ ಮೀಟರ್ ಮೈನಸ್ 10 ದಾಟದಿರಲಿ. ಕಡಿಮೆ ಮಟ್ಟದಲ್ಲಿ ಹಿಡಿದದ್ದನ್ನು ಆಮೇಲೆ ಏರಿಸಬಹುದು. ಒಡೆದ ದನಿಯನ್ನು ಕೂಡಿಸಲು ಬರುವುದಿಲ್ಲ.

ಹೊರಗಿನ ಗದ್ದಲಕ್ಕೆ ಮಾತ್ರ ಯಾವ ಕೌದಿಯೂ ಮದ್ದಲ್ಲ. ಪ್ರತಿಧ್ವನಿ ಹೀರುವುದು ಬೇರೆ, ಹೊರಗಿನ ಸದ್ದು ತಡೆಯುವುದು ಬೇರೆ. ಎರಡನೆಯದಕ್ಕೆ ತೂಕದ ಗೋಡೆ ಬೇಕು, ಬಿರುಕಿಲ್ಲದ ಬಾಗಿಲು ಬೇಕು. ಬಾಡಿಗೆ ಮನೆಯವರಿಗೆ ಉಳಿದಿರುವ ಆಯುಧ ಗಡಿಯಾರ ಒಂದೇ. ಮುಂಬಯಿಯಲ್ಲಿ ಲೋಕಲ್ ರೈಲುಗಳು ಮಲಗುವ ನಡುರಾತ್ರಿಯ ಆ ಕೆಲವು ತಾಸು. ಪುಣೆಯಲ್ಲಿ ಗಣೇಶೋತ್ಸವಕ್ಕೆ ವಾರಗಟ್ಟಲೆ ಮೊದಲೇ ಶುರುವಾಗುವ ಢೋಲ್ ತಾಶಾ ತಾಲೀಮಿನ ಸಂಜೆಗಳನ್ನು ಬಿಟ್ಟು ಬೆಳಗ್ಗೆ. ದಿಲ್ಲಿಯವರಿಗೆ ಜನವರಿ ವರದಾನ: ಫ್ಯಾನ್ ಇಲ್ಲ, ಎಸಿ ಇಲ್ಲ, ಕಿಟಕಿ ಮುಚ್ಚಿರುತ್ತದೆ, ಗಂಟಲು ಒಣಗದಂತೆ ಬಿಸಿನೀರು ಗುಟುಕರಿಸುತ್ತಿದ್ದರಾಯಿತು. ಚೆನ್ನೈಯವರ ಪಾಡು ಹೇಳತೀರದು. ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಕೌದಿಗಳ ನಡುವೆ ನಿಂತು ಹಾಡುವುದು ಗಾಯನಕ್ಕಿಂತ ತಪಸ್ಸಿಗೆ ಹತ್ತಿರ. ಐದು ನಿಮಿಷ ಎಸಿ ಹಾಕಿ ತಣ್ಣಗೆ ಮಾಡಿಕೊಂಡು, ಆರಿಸಿ, ಒಂದು ಹಾಡು, ಮತ್ತೆ ಎಸಿ. ಫ್ರಿಜ್ ಆರಿಸಿದರೆ ಮತ್ತೆ ಹಾಕಲು ಮರೆಯದಂತೆ ಮನೆಯ ಬೀಗದ ಕೈಯನ್ನು ಅದರೊಳಗೇ ಇಡುವ ಉಪಾಯ ಪ್ರಸಿದ್ಧ. ಹಾಲು ಒಡೆದ ಮೇಲೆ ಕಲಿತವರೂ ಇದ್ದಾರು.

ಇಷ್ಟೆಲ್ಲ ಮಾಡಿ ಹಿಡಿದ ಕಂಠವನ್ನು ಕೆಡಿಸುವುದು ಬಹಳ ಸುಲಭ. ಈಗಿನ ದೊಡ್ಡ ಪಿಡುಗು ಕೊಳೆಯಲ್ಲ, ಅತಿಯಾದ ತೊಳೆತ. ಆಟೋಟ್ಯೂನ್ 1997ರಲ್ಲಿ ಬಂತು. ಅದರ ನಂತರ ಬಂದ ಶ್ರುತಿ ತಿದ್ದುವ ತಂತ್ರಾಂಶಗಳೆಲ್ಲ ಸಾಮಾನ್ಯವಾಗಿ ಸ್ಥಾಯಿಯನ್ನು ಪಿಯಾನೊದ ಹನ್ನೆರಡು ಸಮಭಾಗಗಳಾಗಿ ನೋಡುತ್ತವೆ. ಎರಡು ಮನೆಗಳ ನಡುವೆ ಇರುವ ಸ್ವರ ಅವುಗಳ ಲೆಕ್ಕದಲ್ಲಿ ತಪ್ಪು, ಹತ್ತಿರದ ಮನೆಗೆ ಎಳೆದು ಕೂರಿಸುತ್ತವೆ. ದರ್ಬಾರಿ ಕಾನಡಾದ ಗಾಂಧಾರ ಬದುಕುವುದೇ ಆ ನಡುವಿನ ತೂಗಾಟದಲ್ಲಿ. ತೋಡಿಯ ಗಾಂಧಾರದ ಕಂಪಿತವೂ ಅಷ್ಟೆ. ಗಮಕಿಗಳ ವಾಚನದಲ್ಲಿ ಮಾತಿನಿಂದ ಸ್ವರಕ್ಕೆ ಜಾರುವ ಆ ನುಣುಪು ಯಾವ ಮನೆಯದೂ ಅಲ್ಲ. ತಂತ್ರಾಂಶ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರೆ ಕೇಳುವವರಿಗೆ ಏನೋ ಸತ್ತಿದೆ ಎಂದು ಅನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ. ಒಂದು ಸ್ವರ ನಿಜಕ್ಕೂ ಜಾರಿದ್ದರೆ ಆ ಸಾಲನ್ನು ಮತ್ತೆ ಹಾಡುವುದು ಲೇಸು. ತಿದ್ದಲೇಬೇಕಾದರೆ ಆ ಒಂದು ಸ್ವರವನ್ನು ಕೈಯಿಂದ ತಿದ್ದಬೇಕು. ಇಡೀ ಹಾಡಿನ ಮೇಲೆ ಇಸ್ತ್ರಿ ಎಳೆಯಬಾರದು.

ಉಸಿರಿನ ಮಾತೂ ಅದೇ. ಸಾಲುಗಳ ನಡುವಿನ ಉಸಿರನ್ನೆಲ್ಲ ಕತ್ತರಿಸಿ ಎಸೆಯುವುದು ಈಗ ಶುಚಿತ್ವ ಎನಿಸಿಕೊಂಡಿದೆ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರು ಕ್ಷಯದಿಂದ ಒಂದು ಶ್ವಾಸಕೋಶದ ಬಲ ಕಳೆದುಕೊಂಡ ಮೇಲೆ, ವರ್ಷಗಳ ಮೌನದ ನಂತರ ಮತ್ತೆ ಹಾಡಿದರು. ಆಮೇಲಿನ ಅವರ ಗಾಯನದ ಗಿಡ್ಡ ಪಲುಕುಗಳು, ಥಟ್ಟನೆ ಮೇಲೇಳುವ ಸ್ವರ, ನಡುವಿನ ನಿಲುಗಡೆ ಇವನ್ನು ಉಸಿರಿನಿಂದ ಬೇರ್ಪಡಿಸಿ ಕೇಳಲಾಗದು. ಅವರ ರೆಕಾರ್ಡುಗಳನ್ನು ಇಂದಿನ ಯಾವುದೋ ಸ್ವಯಂಚಾಲಿತ ಶುದ್ಧೀಕರಣಕ್ಕೆ ಒಡ್ಡಿದರೆ ಏನು ಉಳಿದೀತು? ಉಸಿರು ಜೋರಾಗಿದ್ದರೆ ಅರ್ಧ ತಗ್ಗಿಸಬಹುದು. ಅಳಿಸಬಾರದು. ಸಾಲು ಸಾಲಾಗಿ ಹಾಡಿ ಅಂಟಿಸುವುದಕ್ಕಿಂತ ಇಡೀ ಹಾಡನ್ನು ಮೂರು ಸಲ ಹಾಡಿ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದು ಎಂಬ ಸಲಹೆಯ ಹಿಂದಿರುವುದೂ ಇದೇ. ಸಿನಿಮಾ ಹಿನ್ನೆಲೆ ಗಾಯಕರು ತುಣುಕುಗಳಲ್ಲಿ ಹಾಡುತ್ತಾರಲ್ಲ ಎನ್ನಬಹುದು. ಹೌದು, ಅದು ಅವರ ನಿತ್ಯದ ಕಸುಬು. ವರ್ಷಕ್ಕೆ ನಾಲ್ಕು ಹಾಡು ರೆಕಾರ್ಡ್ ಮಾಡುವವರಿಗೆ ಆ ಹೊಲಿಗೆ ಕಾಣದಂತೆ ಹಾಕಲು ಬರುವುದಿಲ್ಲ.

ಈ ಕೌದಿ, ಗೇಣುಗಳ ಮಾತು ಹೊಸ ಹಾಡುಗಾರರಿಗೆ ಮಾತ್ರ ಮುಖ್ಯವಾಗಿದ್ದರೆ ಇಷ್ಟು ಉದ್ದಕ್ಕೆ ಬೆಳೆಸಬೇಕಿರಲಿಲ್ಲ. ಮಾಟುಂಗಾ, ಡೊಂಬಿವಲಿ, ಮೈಲಾಪುರ, ಕಾಚಿಗುಡ, ಆರ್. ಕೆ. ಪುರಂಗಳ ಮನೆಗಳಲ್ಲಿ ಎಪ್ಪತ್ತು ಎಂಬತ್ತು ದಾಟಿದ ಹೆಂಗಸರಿದ್ದಾರೆ. ಮದುವೆಯಾಗಿ ಊರು ಬಿಟ್ಟಾಗ ಅವರ ಜೊತೆ ಬಂದದ್ದು ಹಸೆಗೆ ಕರೆಯುವ ಹಾಡು, ಎಣ್ಣೆಯೊತ್ತುವ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ತೊಟ್ಟಿಲ ಪದ, ಬೀಸುವ ಪದ, ಸಂಪ್ರದಾಯದ ಧಾಟಿಯ ದಾಸರ ಪದಗಳು. ಪುಸ್ತಕಗಳಲ್ಲಿ ಪಠ್ಯ ಸಿಕ್ಕೀತು, ಧಾಟಿ ಸಿಗುವುದಿಲ್ಲ. ಅವು ಈಗ ಉಳಿಯುತ್ತಿರುವುದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ, ಹಬ್ಬದ ಗದ್ದಲದಲ್ಲಿ, ಹಿನ್ನೆಲೆಗೆ ಟಿವಿ ಓಡುತ್ತಿರುವಾಗ ಕಳಿಸಿದ ವಾಯ್ಸ್ ನೋಟ್‌ಗಳಾಗಿ. ವಾಯ್ಸ್ ನೋಟ್ ಮಾತಿಗೆಂದು ಹಿಂಡಿದ ಕಡತ. ಕಂಠದ ಮೇಲಿನ ಹೊಳಪು ಅದರಲ್ಲಿ ಉಳಿಯುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಹಾಡಿಸಿ ಹಿಡಿಯುವುದು ಇನ್ನೂ ಕೆಟ್ಟದ್ದು. ಅಲ್ಲಿನ ಗದ್ದಲ ನಿವಾರಕ ತಂತ್ರಾಂಶಕ್ಕೆ ತಂಬೂರಿಯ ನಾದವೂ ಫ್ಯಾನಿನ ಸದ್ದೂ ಒಂದೇ. ದೀರ್ಘವಾಗಿ ಹಿಡಿದ ಸ್ವರವನ್ನು ನಡುವೆಯೇ ನುಂಗಿಬಿಡುತ್ತದೆ.

ಇವರಿಗಾಗಿ ಮೈಕ್ ಕೊಳ್ಳಬೇಕಾಗಿಯೂ ಇಲ್ಲ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ರೆಕಾರ್ಡರ್ ಆ್ಯಪ್‌ನಲ್ಲಿ ಅತಿ ಹೆಚ್ಚಿನ ಗುಣಮಟ್ಟ ಆರಿಸಿ, ಮಡಚಿದ ಟವೆಲಿನ ಮೇಲೆ ಒಂದೂವರೆ ಗೇಣು ದೂರದಲ್ಲಿ ಇಟ್ಟರೆ ಸಾಕು. ಅಜ್ಜಿಯನ್ನು ಕೌದಿಗಳ ಗೂಡಿನಲ್ಲಿ ನಿಲ್ಲಿಸುವುದು ಬೇಡ, ಹಾಸಿಗೆಯ ಮೇಲೆ ಕೂರಿಸಿದರೆ ಬೆನ್ನಿಗೆ ದಿಂಬು, ಪಕ್ಕಕ್ಕೆ ಪರದೆ, ಎಲ್ಲ ತಾನಾಗಿ ಒದಗುತ್ತದೆ. ಫ್ಯಾನ್ ಆರಿಸಬೇಕು, ಬಾಗಿಲು ಹಾಕಬೇಕು. ಹೆಡ್‌ಫೋನ್ ಹಾಕಿಸಬಾರದು. ಶ್ರುತಿಪೆಟ್ಟಿಗೆ ಇಟ್ಟು ಇಂಥ ಮನೆಯಲ್ಲೇ ಹಾಡು ಎನ್ನಲೂ ಬಾರದು. ಅವರಿಗೆ ಒಗ್ಗುವ ಶ್ರುತಿ ಅವರ ಗಂಟಲಿಗೆ ಗೊತ್ತು. ನಡುವೆ ಸಾಲು ಮರೆತರೆ ತಡೆದು ಮೊದಲಿನಿಂದ ಹಾಡಿಸುವ ಬದಲು ಸುಮ್ಮನೆ ಕಾಯಬೇಕು, ಹಿಂದಿನ ಸಾಲನ್ನು ಗುನುಗಿಕೊಂಡು ಅವರೇ ಹಿಡಿಯುತ್ತಾರೆ. ಕಡತವನ್ನು ಗುಂಪಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಬೇಕು, ಹೆಸರಿನಲ್ಲಿ ಹಾಡಿನ ಮೊದಲ ಪದ, ಹಾಡಿದವರು, ಅವರ ತವರೂರು, ತಾರೀಕು ಇರಬೇಕು. ಹಾಡು ಮುಗಿದ ಕೂಡಲೇ ರೆಕಾರ್ಡರ್ ನಿಲ್ಲಿಸಬಾರದು. ಒಂದೆರಡು ನಿಮಿಷ ಬಿಟ್ಟರೆ ಅವರೇ ಮಾತಿಗೆ ಶುರುವಿಡುತ್ತಾರೆ: ಇದನ್ನು ಕಲಿಸಿದ್ದು ಯಾರು, ಯಾರ ಮದುವೆಯಲ್ಲಿ ಹಾಡಿದ್ದು, ಪಕ್ಕದೂರಿನವರು ಮೂರನೇ ನುಡಿಯನ್ನು ಬೇರೆ ಥರ ಹಾಡುತ್ತಿದ್ದರು ಎಂದು. ಆಮೇಲೆ ಆ ಬೇರೆ ಥರವನ್ನೂ ಹಾಡಿ ತೋರಿಸುತ್ತಾರೆ.